ಕಾರಿನ ಬ್ಲೋವರ್ 4ರಲ್ಲಿ ಮಾತ್ರ ತಿರುಗುತ್ತೆ, ಹೀಟರ್ ಬಿಸಿನೇ ಬರಲ್ಲ, ಚಾರ್ಮಾಡಿ ಮಳೇಲಿ ಗ್ಲಾಸ್ ಪೂರ್ತಿ ಮಬ್ಬು. ಏನ್ ಮಾಡ್ಲಿ?

ಮೂಡಿಗೆರೆ_ಕಾಫಿತೋಟ
ಎಲ್ರಿಗೂ ನಮಸ್ಕಾರ. ನಮ್ದು ಮೂಡಿಗೆರೆ ಹತ್ರ ಹಳ್ಳಿ. ಗಾಡಿ 2013ರ ಡೀಸೆಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಈಗ 1,30,000 ಕಿಲೋಮೀಟರ್ ಆಗಿದೆ. ಅಮ್ಮನ್ನ ಹದಿನೈದು ದಿನಕ್ಕೊಂದ್ಸಲ ಮಂಗಳೂರಿಗೆ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು, ಅಂದ್ರೆ ಚಾರ್ಮಾಡಿ ಇಳೀಲೇಬೇಕು. ಬೆಳಗ್ಗೆ ಐದಕ್ಕೆ ಹೊರಟ್ರೆ ಕೊಟ್ಟಿಗೆಹಾರ ದಾಟ್ತಿದ್ದಂಗೆ ಹೊರಗೆ ಮಂಜು, ಒಳಗೆ ಗ್ಲಾಸೆಲ್ಲ ಆವಿ ಕೂತು ಏನೂ ಕಾಣಲ್ಲ.

ಎರಡು ಪ್ರಾಬ್ಲಂ ಇದೆ. ಒಂದು, ಬ್ಲೋವರ್, ಅಂದ್ರೆ ಗಾಳಿ ಬಿಡೋ ಫ್ಯಾನ್, 1, 2, 3ನೇ ಸ್ಪೀಡಲ್ಲಿ ಸತ್ತೇ ಹೋಗಿದೆ, 4ಕ್ಕೆ ತಿರುಗಿಸಿದ್ರೆ ಮಾತ್ರ ಭರ್ ಅಂತ ಬರುತ್ತೆ. ಇನ್ನೊಂದು, ನಾಬ್ ಫುಲ್ ಕೆಂಪಿಗೆ ಇಟ್ರೂ ಗಾಳಿ ಬಿಸಿ ಆಗಲ್ಲ, ಉಗುರು ಬೆಚ್ಚಗೆ ಬರುತ್ತೆ ಅಷ್ಟೇ, ಘಾಟಿ ಇಳಿಯೋವಾಗ ಅದೂ ಹೋಗಿ ತಣ್ಣಗಾಗುತ್ತೆ. ಹೋದ ವಾರ ಒಂದು ತಿರುವಲ್ಲಿ ಎದುರಿಗೆ ಲಾರಿ ಬಂದಿದ್ದು ಹಾರ್ನ್ ಕೇಳಿದ್ಮೇಲೇ ಗೊತ್ತಾಗಿದ್ದು, ಅವತ್ತಿಂದ ಕೈಕಾಲು ನಡುಗ್ತಾ ಇದೆ. ಅಮ್ಮ ಪಕ್ಕದಲ್ಲಿ ಕೂತು ಬಟ್ಟೆ ತಗೊಂಡು ಗ್ಲಾಸ್ ಒರೆಸ್ತಾನೇ ಇರ್ತಾರೆ.

ಇಲ್ಲಿ ಗ್ಯಾರೇಜಲ್ಲಿ ತೋರಿಸಿದ್ರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಹೀಟರ್ ಕೋರ್, ಬ್ಲೋವರ್ ಮೋಟರ್ ಎರಡೂ ಹಾಕ್ಬೇಕು, 18 ಸಾವಿರ ಅಂದ್ರು. ಅಷ್ಟು ದುಡ್ಡು ಹಾಕೋ ಮುಂಚೆ ಇಲ್ಲಿ ಕೇಳೋಣ ಅನ್ಸ್ತು.

ವೈರಿಂಗ್_ಹಾಸನ
ಸರ್, ಮೋಟರ್‌ಗೆ ಒಂದ್ ರೂಪಾಯಿನೂ ಕೊಡ್ಬೇಡಿ. 4ರಲ್ಲಿ ಜೋರಾಗಿ ತಿರುಗುತ್ತೆ ಅಂದ್ರೆ ಮೋಟರ್ ಜೀವಂತ ಇದೆ, ಫ್ಯೂಸೂ ಸರಿ ಇದೆ. ಹೋಗಿರೋದು ಬ್ಲೋವರ್ ರೆಸಿಸ್ಟರ್. 20 ವರ್ಷದಿಂದ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡ್ತಾ ಇದೀನಿ, 4 ಮಾತ್ರ ವರ್ಕ್ ಆಗೋ ಗಾಡಿ ಬಂದ್ರೆ ನಾನು ಮೊದ್ಲು ಕೈ ಹಾಕೋದೇ ಅಲ್ಲಿಗೆ.

ಅದು ಹೆಂಗೆ ಅಂದ್ರೆ, ಮ್ಯಾನುಯಲ್ ನಾಬ್ ಇರೋ ಗಾಡೀಲಿ 1ಕ್ಕೆ ಇಟ್ಟಾಗ ಕರೆಂಟು ಎರಡ್ ಮೂರು ಸುರುಳಿ ದಾಟಿ ಮೋಟರ್‌ಗೆ ಹೋಗುತ್ತೆ, ಅದಕ್ಕೇ ನಿಧಾನ ತಿರುಗುತ್ತೆ, 2, 3ಕ್ಕೆ ಹೋದಂಗೆ ಸುರುಳಿ ಕಮ್ಮಿ ಆಗ್ತಾ ಬರುತ್ತೆ, 4ಕ್ಕೆ ಇಟ್ರೆ ರೆಸಿಸ್ಟರೇ ಬೇಡ, ನೇರ 12 ವೋಲ್ಟ್ ಮೋಟರ್‌ಗೆ. ಆ ರೆಸಿಸ್ಟರ್ ಮೇಲೆ ಒಂದು ಥರ್ಮಲ್ ಫ್ಯೂಸ್ ಕೂತಿರುತ್ತೆ, ಬಿಸಿ ಜಾಸ್ತಿ ಆದ್ರೆ ಅದು ಕಟ್ ಆಗುತ್ತೆ, ಆಮೇಲೆ ಕೆಳಗಿನ ಮೂರು ಸ್ಪೀಡೂ ಹೋಯ್ತು. ಪ್ಯಾಸೆಂಜರ್ ಕಾಲಿಡೋ ಜಾಗದ ಮೇಲೆ, ಗ್ಲೌ ಬಾಕ್ಸ್ ಹಿಂದೆ ಬ್ಲೋವರ್ ಡಬ್ಬಕ್ಕೆ ಎರಡು ಸ್ಕ್ರೂ ಹಾಕಿ ಕೂರಿಸಿರ್ತಾರೆ. ಡ್ಯಾಶ್‌ಬೋರ್ಡ್ ಬಿಚ್ಚೋ ಮಾತೇ ಇಲ್ಲ.

ಹುಬ್ಳಿ_ಹೈದ
ಎಲೆಕ್ಟ್ರಿಷಿಯನ್ ಅಣ್ಣಾರು ಹೇಳಿದ್ದು ಖರೇ ಐತ್ರಿ. ಆದ್ರ ರೆಸಿಸ್ಟರ್ ಯಾಕ ಸುಟ್ಟಿತು ಅಂತ ನೋಡ್ದ ಹೊಸಾದು ಹಾಕಿದ್ರ ಎರಡ ತಿಂಗಳಿಗೆ ಮತ್ತ ಸುಡ್ತೈತಿ. ನನಗ ಹಂಗ ಮೂರ ಸಲ ಆತು. ಕಡೀಕ್ ನೋಡಿದ್ರ ಗಾಡಿ ಒಳಗ ಬರೋ ಗಾಳಿ ಸೋಸೋ ಕ್ಯಾಬಿನ್ ಫಿಲ್ಟರ್ ಒಳಗ ಧೂಳು ರೊಟ್ಟಿ ಹಂಗ ಕೂತಿತ್ತು. ಗಾಳಿ ಹೊಡ್ಯಾಕತ್ತಿದ್ರನ ರೆಸಿಸ್ಟರ್ ತಣ್ಣಗಿರ್ತೈತ್ರಿ, ಅದಕ್ಕನ ಅದನ್ನ ಗಾಳಿ ಹಾದಿಯೊಳಗ ಇಟ್ಟಿರ್ತಾರ. ಗಾಳಿ ಕಟ್ಟಿದ್ರ ಅದು ಕಾದು ಸುಡ್ತೈತಿ.

ವೈರಿಂಗ್_ಹಾಸನ
ಹೌದು, ಹುಬ್ಬಳ್ಳಿಯವರು ಹೇಳಿದ್ದು ಬಹಳ ಮುಖ್ಯ. ಇನ್ನೊಂದು ಕಾರಣನೂ ಇದೆ, ಮೋಟರ್ ಬುಶ್ ಒಣಗಿ ಬಿಗಿಯಾಗಿ ತಿರುಗ್ತಿದ್ರೆ ಕರೆಂಟ್ ಜಾಸ್ತಿ ಎಳೆಯುತ್ತೆ, ಆಗ್ಲೂ ರೆಸಿಸ್ಟರ್ ಹೋಗುತ್ತೆ, ಕನೆಕ್ಟರ್ ಪ್ಲಾಸ್ಟಿಕ್ಕೂ ಕರಗುತ್ತೆ. ರೆಸಿಸ್ಟರ್ ಬಿಚ್ಚಿದಾಗ ಕನೆಕ್ಟರ್ ಪಿನ್ ಕಂದು ಬಣ್ಣ ಆಗಿದ್ಯಾ ನೋಡಿ. ಆಗಿದ್ರೆ ಕನೆಕ್ಟರೂ ಬದಲಾಯಿಸ್ಲೇಬೇಕು.

ಮೂಡಿಗೆರೆ_ಕಾಫಿತೋಟ
ಅಬ್ಬ, ಅರ್ಧ ಜೀವ ಬಂತು. ಕ್ಯಾಬಿನ್ ಫಿಲ್ಟರ್ ಅಂತ ಒಂದಿದೆ ಅಂತಾನೇ ನಂಗೆ ಯಾರೂ ಹೇಳಿರ್ಲಿಲ್ಲ. ಹೀಟರ್ ಬಿಸಿ ಬರದೇ ಇರೋದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ರೇಡಿಯೇಟರ್_ಶಿವಮೊಗ್ಗ
ಸಂಬಂಧ ಇಲ್ಲ ತಮ್ಮಾ, ಅದು ಬೇರೆನೇ ಕಾಯಿಲೆ. ನಂದು ರೇಡಿಯೇಟರ್ ಕೆಲಸ, ಸ್ವಲ್ಪ ಉದ್ದ ಬರೀತೀನಿ, ಓದು.

ಹೀಟರ್ ಅಂದ್ರೆ ಒಳಗೆ ಕಾಯಿಲ್ ಇರುತ್ತೆ, ಕರೆಂಟಲ್ಲಿ ಕಾಯುತ್ತೆ ಅಂತ ಜನ ಅಂದ್ಕೋತಾರೆ. ಅಲ್ಲ. ಇಂಜಿನ್ ಬಿಸಿ ಮಾಡಿರೋ ನೀರು, ಅಂದ್ರೆ ಕೂಲಂಟ್, ಎರಡು ಹೋಸ್ ಪೈಪಲ್ಲಿ ಡ್ಯಾಶ್‌ಬೋರ್ಡ್ ಒಳಗಿನ ಚಿಕ್ಕ ರೇಡಿಯೇಟರ್‌ಗೆ ಹೋಗಿ ವಾಪಸ್ ಬರುತ್ತೆ. ಅದೇ ಹೀಟರ್ ಕೋರ್. ಅದರ ಮೇಲೆ ಬ್ಲೋವರ್ ಗಾಳಿ ಹಾದ್ರೆ ಬಿಸಿ ಗಾಳಿ. ಇಂಜಿನ್ ಬಿಸಿ ಆಗ್ದೇ ಇದ್ರೆ ಹೀಟರೂ ಬಿಸಿ ಆಗಲ್ಲ, ಅಷ್ಟೇ ಲೆಕ್ಕ.

ಈಗ ಒಂದ್ ಟೆಸ್ಟ್ ಮಾಡು. ಗಾಡಿ ಒಂದು ಇಪ್ಪತ್ತು ನಿಮಿಷ ಓಡ್ಸಿ, ನಾಬ್ ಫುಲ್ ಹಾಟ್‌ಗೆ ಇಟ್ಟು ನಿಲ್ಲಿಸು, ಬಾನೆಟ್ ಎತ್ತು. ಇಂಜಿನ್ ಹಿಂದೆ ಕ್ಯಾಬಿನ್ ಗೋಡೆಯೊಳಕ್ಕೆ ಎರಡು ಸಣ್ಣ ಪೈಪ್ ಹೋಗ್ತವೆ, ಎರಡನ್ನೂ ಹುಷಾರಾಗಿ ಮುಟ್ಟಿ ನೋಡು. ಎರಡೂ ಕೈ ಸುಡೋ ಹಂಗಿದ್ರೆ ಹೀಟರ್ ಕೋರ್ ಚೆನ್ನಾಗಿದೆ, ಗಾಳೀನ ಕೋರ್ ಕಡೆ ತಿರುಗಿಸೋ ಒಳಗಿನ ಫ್ಲಾಪ್ ತಿರುಗ್ತಿಲ್ಲ, ನಾಬಿನ ಕೇಬಲ್ ಕಳಚಿರುತ್ತೆ. ಒಂದು ಬಿಸಿ ಒಂದು ತಣ್ಣಗಿದ್ರೆ ಕೋರ್ ಕಟ್ಟಿದೆ, ಇಲ್ಲಾಂದ್ರೆ ಹಳೇ ಗಾಡೀಲಿ ಆ ಪೈಪಿಗೆ ಒಂದು ವಾಲ್ವ್ ಇರುತ್ತಲ್ಲ, ಅದು ಮುಚ್ಕೊಂಡಿದೆ. ಎರಡೂ ಬೆಚ್ಚಗೆ ಮಾತ್ರ ಇದ್ರೆ ಕೂಲಂಟ್ ಕಮ್ಮಿ ಇದೆ, ಅಥವಾ ಏರ್ ಲಾಕ್, ಅಂದ್ರೆ ಪೈಪೊಳಗೆ ಗಾಳಿ ಸಿಕ್ಕಾಕ್ಕೊಂಡಿದೆ, ಅಥವಾ ಥರ್ಮೋಸ್ಟಾಟ್, ಅಂದ್ರೆ ಇಂಜಿನ್ ಕಾಯೋ ತನಕ ನೀರನ್ನ ರೇಡಿಯೇಟರ್‌ಗೆ ಬಿಡದೆ ತಡೆಯೋ ವಾಲ್ವ್, ಕೆಟ್ಟಿದೆ.

ಫ್ಯಾನ್ ಹತ್ರ ಕೈ ಇಡ್ಬೇಡ, ಇಂಜಿನ್ ಆಫ್ ಮಾಡಿದ್ರೂ ಎಲೆಕ್ಟ್ರಿಕ್ ಫ್ಯಾನ್ ಇದ್ದಕ್ಕಿದ್ದಂಗೆ ತಿರುಗಬಹುದು. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೀಲೇಬೇಡ. ಕುಕ್ಕರ್ ವಿಷಲ್ ಇಳಿಯೋ ಮುಂಚೆ ಮುಚ್ಚಳ ತೆಗೆದಂಗೆ, ಮುಖಕ್ಕೆ ಹಾರುತ್ತೆ. ನನ್ನ ಹತ್ರ ಕೆಲಸ ಕಲೀತಿದ್ದ ಹುಡುಗನಿಗೆ ಹಂಗೇ ಆಗಿ ಕುತ್ತಿಗೆ ಪೂರ್ತಿ ಬೊಬ್ಬೆ ಎದ್ದಿತ್ತು.

ಕಡಲತೀರ_ಕಾರು
ಮಾರಾಯ್ರೆ, ಅದೆಲ್ಲ ರಿಪೇರಿ ಆಗುವ ತನಕ ಅವರು ನಾಡಿದ್ದು ಪುನಃ ಘಾಟಿ ಇಳಿಯಲಿಕ್ಕೆ ಉಂಟಲ್ಲ? ಈಗಲೇ ಮಾಡುವಂಥದ್ದು ಹೇಳ್ತೇನೆ. ಎ.ಸಿ. ಆನ್ ಮಾಡಿ, ಗಾಳಿ ಮುಂದಿನ ಗ್ಲಾಸಿಗೆ ಬಿಡಿ, ರೀಸರ್ಕ್ಯುಲೇಶನ್ ತೆಗೆದು ಹೊರಗಿನ ಗಾಳಿಗೆ ಹಾಕಿ. ಇದು ಮೂರು ಮಾಡಿದ್ರೆ ಹೀಟರ್ ಇಲ್ಲದಿದ್ರೂ ಗ್ಲಾಸ್ ಎರಡು ನಿಮಿಷದಲ್ಲಿ ಕ್ಲಿಯರ್ ಆಗ್ತದೆ. ನಿಮ್ಮ ರೀಸರ್ಕ್ಯುಲೇಶನ್ ಬಟನ್ ಯಾವುದರಲ್ಲಿ ಉಂಟು ಮೊದಲು ನೋಡಿ.

ಮೂಡಿಗೆರೆ_ಕಾಫಿತೋಟ
ಅಯ್ಯೋ, ಅದು ಯಾವಾಗ್ಲೂ ಒಳಗಿನ ಗಾಳಿಗೇ ಇರುತ್ತೆ. ಹೊರಗಿನ ಮಂಜು ಒಳಗೆ ಬರುತ್ತೆ ಅಂತ ಮುಚ್ಚಿ ಇಡ್ತಿದ್ದೆ.

ಕಡಲತೀರ_ಕಾರು
ಅದೇ ತಪ್ಪು. ನಿಮ್ಮ, ಅಮ್ಮನ ಉಸಿರು, ಒದ್ದೆ ಕೊಡೆ, ಒದ್ದೆ ಚಪ್ಪಲಿ, ಮ್ಯಾಟಿನ ನೀರು, ಅದರದ್ದೇ ತೇವ ಅಲ್ಲಿಂದಲ್ಲಿಗೇ ತಿರುಗ್ತಾ ತಣ್ಣಗಿನ ಗ್ಲಾಸಿಗೆ ಹೋಗಿ ಕೂರುವುದು.

ನಂಜನಗೂಡು_99
ಎಸಿ, ಹೀಟರ್ ಎರಡೂ ಒಟ್ಟಿಗೆ ಹಾಕಿದ್ರೆ ಕಂಪ್ರೆಸರ್ ಹೋಗುತ್ತೆ ಅಂತ ನಮ್ ಡ್ರೈವರ್ ಹೇಳ್ತಿದ್ರು. ಒಂದ್ ಕಡೆ ತಣ್ಣಗೆ ಮಾಡೋದು ಒಂದ್ ಕಡೆ ಬಿಸಿ ಮಾಡೋದು, ಇದೆಂಗೆ ಸರಿ?

ಮಡಿಕೇರಿ_ಟೀಚರ್
ಕಂಪ್ರೆಸರ್‌ಗೆ ಏನೂ ಆಗಲ್ಲ. ನಾನು ದಿನಾ ಶಾಲೆಗೆ 22 ಕಿಲೋಮೀಟರ್ ಓಡಿಸ್ತೀನಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ಒಟ್ಟಿಗೇ ಹಾಕೋದು, ಒಂಬತ್ತು ವರ್ಷ ಆಯ್ತು. ಮಕ್ಕಳಿಗೆ ಪಾಠ ಮಾಡೋವಾಗ ಇದನ್ನೇ ಉದಾಹರಣೆ ಕೊಡ್ತೀನಿ. ಸ್ಟೀಲ್ ಲೋಟಕ್ಕೆ ಫ್ರಿಜ್ ನೀರು ಹಾಕಿಟ್ರೆ ಹೊರಮೈ ಮೇಲೆ ಹನಿ ಕೂರುತ್ತಲ್ಲ, ಗಾಳಿಯಲ್ಲಿದ್ದ ನೀರು ಅದು. ಕಾರಲ್ಲಿ ಗಾಳಿ ಮೊದ್ಲು ಎಸಿ ಕಾಯಿಲ್ ಮೇಲೆ ಹಾದು ಹೋಗುತ್ತೆ, ಅಲ್ಲಿ ನೀರೆಲ್ಲ ಬಿಟ್ಟು ಒಣಗುತ್ತೆ, ಗಾಡಿ ಕೆಳಗೆ ತೊಟ್ಟಿಕ್ಕೋದು ಅದೇ ನೀರು. ಆಮೇಲೆ ಹೀಟರ್ ಕೋರ್ ಮೇಲೆ ಹಾದು ಬಿಸಿ ಆಗುತ್ತೆ. ಒಣಗಿದ ಬಿಸಿ ಗಾಳಿ ಗ್ಲಾಸಿಗೆ ಬಡಿದ್ರೆ ಮಬ್ಬು ನಿಲ್ಲೋದೇ ಇಲ್ಲ. ಎಷ್ಟೋ ಗಾಡಿಗಳಲ್ಲಿ ಮುಂದಿನ ಗ್ಲಾಸಿನ ಡಿಫ್ರಾಸ್ಟ್ ಬಟನ್ ಒತ್ತಿದ್ರೆ ಎಸಿ ತಾನಾಗೇ ಆನ್ ಆಗೋ ಹಾಗೆ ಕಂಪನಿಯವರೇ ಮಾಡಿರ್ತಾರೆ.

ಮತ್ತೆ ಒರೆಸೋ ಬಟ್ಟೆ. ಕೈಯಲ್ಲಿ, ಹಳೇ ಬನಿಯನ್‌ನಲ್ಲಿ ಒರೆಸಿದ್ರೆ ಎಣ್ಣೆ ಜಿಡ್ಡು ಕೂತು ರಾತ್ರಿ ಎದುರಿನ ಲೈಟ್ ಬಿದ್ದಾಗ ಪೂರ್ತಿ ಬಿಳಿ ಆಗುತ್ತೆ. ಗ್ಲಾಸ್ ಒಳಗಡೆ ವಾರಕ್ಕೊಂದ್ಸಲ ಕ್ಲೀನ್ ಮಾಡಿ, ಜಿಡ್ಡಿರೋ ಗ್ಲಾಸಿಗೆ ಆವಿ ಬೇಗ ಹಿಡಿಯುತ್ತೆ.

ತೀರ್ಥಹಳ್ಳಿ_ಮಾವ
ನಮ್ಮ ಕಾಲದಲ್ಲಿ ಹೀಟರೂ ಇಲ್ಲ, ಎ.ಸಿ.ಯೂ ಇಲ್ಲ. ಆಗುಂಬೆ 14 ತಿರುವೂ ಜೀಪಲ್ಲಿ ಕಿಟಕಿ ತೆಗೆದು ನೆನ್ಕೊಂಡೇ ಇಳೀತಿದ್ವಿ. ವೈಪರ್ ಕೆಟ್ರೆ ಹೊಗೆಸೊಪ್ಪು ಒದ್ದೆ ಮಾಡಿ ಗ್ಲಾಸಿಗೆ ಹೊರಗಿಂದ ಉಜ್ಜೋದು, ನೀರು ಹನಿ ನಿಲ್ಲದೆ ಹರಡಿ ಇಳಿದು ಹೋಗೋದು. ಲಾರಿಯವರೆಲ್ಲ ಹಂಗೇ ಮಾಡ್ತಿದ್ರು.

ಮಡಿಕೇರಿ_ಟೀಚರ್
ಮಾವ, ನಮ್ಮಪ್ಪನೂ ಹೊಗೆಸೊಪ್ಪು ಡ್ಯಾಶ್‌ಬೋರ್ಡ್ ಮೇಲೇ ಇಟ್ಕೊಂಡಿರ್ತಿದ್ರು! ವಾಸನೆ ಈಗ್ಲೂ ಮೂಗಲ್ಲಿದೆ.

ಮೂಡಿಗೆರೆ_ಕಾಫಿತೋಟ
ಟೆಸ್ಟ್ ಮಾಡ್ದೆ. ಬಣಕಲ್ ತನಕ ಹೋಗಿ ಬಂದು ಪೈಪ್ ಮುಟ್ಟಿ ನೋಡಿದ್ರೆ ಎರಡೂ ಬೆಚ್ಚಗೆ ಅಷ್ಟೇ, ಸ್ನಾನದ ನೀರಿನಷ್ಟೂ ಇಲ್ಲ. ರಿಸರ್ವ್ ಬಾಟ್ಲಲ್ಲಿ ನೀರು ಮಿನಿಮಂ, ಮ್ಯಾಕ್ಸಿಮಂ ನಡುವೆ ಇದೆ, ಗಾಡಿ ತಣ್ಣಗಾದ್ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ನೋಡ್ದೆ, ಅಂಚಿನ ತನಕ ತುಂಬಿದೆ. ಇನ್ನೊಂದ್ ವಿಷ್ಯ, ಟೆಂಪರೇಚರ್ ಮುಳ್ಳು ಯಾವತ್ತೂ ಅರ್ಧಕ್ಕೆ ಬರಲ್ಲ, ಕಾಲು ಭಾಗದಲ್ಲೇ ಇರುತ್ತೆ, ಘಾಟಿ ಇಳಿಯೋವಾಗ ಪೂರ್ತಿ ಕೆಳಗೆ ಹೋಗುತ್ತೆ. ಗಾಡಿ ಬಿಸಿನೇ ಆಗಲ್ಲ, ಒಳ್ಳೇ ಇಂಜಿನ್ ಅಂತ ಅಂದ್ಕೊಂಡಿದ್ದೆ.

ರೇಡಿಯೇಟರ್_ಶಿವಮೊಗ್ಗ
ಸಿಕ್ತು. ತಮ್ಮಾ, ನಿನ್ನ ಗಾಡೀಲಿ ಥರ್ಮೋಸ್ಟಾಟ್ ವಾಲ್ವೇ ಇಲ್ಲ, ಇಲ್ಲಾಂದ್ರೆ ತೆರೆದು ಹಂಗೇ ಕಚ್ಕೊಂಡಿದೆ. ಇಲ್ಲ ಅನ್ನೋದೇ ಜಾಸ್ತಿ ಅನುಮಾನ, ಹಳೇ ಓನರ್ ಹತ್ರ ಯಾರೋ ತೆಗೆದು ಬಿಸಾಕಿರ್ತಾರೆ.

ನಾಳೆ ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ರೇಡಿಯೇಟರ್ ಮೇಲಿನ ದಪ್ಪ ಪೈಪ್ ಹಿಡ್ಕೋ. ಥರ್ಮೋಸ್ಟಾಟ್ ಸರಿ ಇದ್ರೆ ಆ ಪೈಪ್ ಸುಮಾರು ಹೊತ್ತು ತಣ್ಣಗೇ ಇದ್ದು, ಇಂಜಿನ್ ಕಾದ್ಮೇಲೆ ಇದ್ದಕ್ಕಿದ್ದಂಗೆ ಬಿಸಿ ಆಗುತ್ತೆ. ವಾಲ್ವ್ ಇಲ್ದೇ ಇದ್ರೆ ಮೊದ್ಲಿಂದನೇ ನಿಧಾನಕ್ಕೆ ಬೆಚ್ಚಗಾಗ್ತಾ ಬರುತ್ತೆ. ಜಾಸ್ತಿ ಗಾಡೀಲಿ ವಾಲ್ವ್ ತೆರೆಯೋದು 82ರಿಂದ 88 ಡಿಗ್ರಿ ಆದ್ಮೇಲೆ. ಅಲ್ಲೀ ತನಕ ನೀರು ರೇಡಿಯೇಟರ್‌ಗೆ ಹೋಗದೆ ಇಂಜಿನ್ ಮತ್ತು ಹೀಟರ್ ಒಳಗೇ ಸುತ್ತುತ್ತೆ. ಘಾಟಿ ಇಳಿಯೋವಾಗ ಆಕ್ಸಿಲರೇಟರ್ ಮೇಲೆ ಕಾಲೇ ಇರಲ್ಲ, ಇಂಜಿನ್ ಬಿಸಿ ಹುಟ್ಟಿಸಲ್ಲ, ಹೊರಗೆ ಮಳೆ ಗಾಳಿ ರೇಡಿಯೇಟರ್‌ಗೆ ಬಡೀತಿದೆ, ತಡೆಯೋಕೆ ವಾಲ್ವ್ ಇಲ್ಲ, ಮುಳ್ಳು ಬೀಳ್ದೆ ಇನ್ನೇನಾಗುತ್ತೆ? ನಿಂಗೆ ಹೀಟರ್ ಬೇಕಾಗಿರೋ ಹೊತ್ತಲ್ಲೇ ಅದು ತಣ್ಣಗಾಗುತ್ತೆ.

ಕಲಬುರ್ಗಿ_ಟ್ಯಾಕ್ಸಿ
ಥರ್ಮೋಸ್ಟಾಟ್ ತೆಗೆಸೋದ್ರಾಗ ತಪ್ಪೇನೈತ್ರೀ? ನಮ್ ಕಡಿ ಬ್ಯಾಸಗ್ಯಾಗ 43 ಡಿಗ್ರಿ ಬಿಸ್ಲು. ನಾ ಎರಡೂ ಗಾಡಿಗಿ ತೆಗೆಸೀನಿ, ಓವರ್‌ಹೀಟ್ ಅನ್ನೋದ ಗೊತ್ತಿಲ್ಲ. ಹೀಟರ್ ನಮಗ್ಯಾಕ ಬೇಕ್ರಿ?

ರೇಡಿಯೇಟರ್_ಶಿವಮೊಗ್ಗ
ಅಣ್ಣಾವ್ರೆ, ನಿಮ್ಮ ಬಿಸಿಲು ದೊಡ್ಡದೇ, ಒಪ್ತೀನಿ. ಆದ್ರೆ 43 ಡಿಗ್ರೀಲಿ ಇಂಜಿನ್ ಕಾದಾಗ ಥರ್ಮೋಸ್ಟಾಟ್ ಹೆಂಗಿದ್ರೂ ಪೂರ್ತಿ ತೆರೆದೇ ಇರುತ್ತೆ, ಅದು ಅಡ್ಡ ಬರಲ್ಲ. ಅಡ್ಡ ಬಂದಿದ್ರೆ ಅದು ಕೆಟ್ಟಿರೋ ವಾಲ್ವು, ಹೊಸದು ಹಾಕ್ಬೇಕು. ತೆಗೆದ್ರೆ ಏನಾಗುತ್ತೆ ಅಂದ್ರೆ ಬೆಳಗ್ಗೆ ಹೊತ್ತು ಇಂಜಿನ್ ತುಂಬಾ ಹೊತ್ತು ತಣ್ಣಗೇ ಓಡುತ್ತೆ, ಕಂಪ್ಯೂಟರ್ ಇರೋ ಗಾಡಿ ಇನ್ನೂ ಕೋಲ್ಡ್ ಸ್ಟಾರ್ಟ್ ಅಂದ್ಕೊಂಡು ಡೀಸೆಲ್ ಜಾಸ್ತಿ ಹೊಡೆಯುತ್ತೆ, ಮೈಲೇಜ್ ಬೀಳುತ್ತೆ, ಇಂಜಿನ್ ಆಯಿಲ್ ಬೇಗ ಹಾಳಾಗುತ್ತೆ.

ಇನ್ನೂ ಒಂದಿದೆ. ಕೆಲವು ಇಂಜಿನಲ್ಲಿ ಥರ್ಮೋಸ್ಟಾಟ್ ತೆರೆದಾಗ ಹಿಂಬದಿಯ ಬೈಪಾಸ್ ದಾರಿ ಮುಚ್ಚುತ್ತೆ. ವಾಲ್ವ್ ಕಿತ್ತಾಕಿದ್ರೆ ಬೈಪಾಸ್ ಯಾವಾಗ್ಲೂ ತೆರೆದೇ ಇರುತ್ತೆ, ಅರ್ಧ ನೀರು ರೇಡಿಯೇಟರ್‌ಗೆ ಹೋಗದೆ ಬಿಸಿಬಿಸಿ ಇಂಜಿನ್‌ಗೇ ವಾಪಸ್ಸು. ಅಂಥ ಗಾಡಿ ಬೇಸಿಗೇಲಿ ಏರಿ ಹತ್ತೋವಾಗ ಇನ್ನೂ ಜಾಸ್ತಿ ಕಾಯುತ್ತೆ. ತೆಗೆದ್ಮೇಲೆ ಕುದೀತಾ ಇದೆ ಅಂತ ನನ್ನ ಅಂಗಡಿಗೆ ಬಂದಿರೋ ಗಾಡಿಗಳೇ ಸುಮಾರಿವೆ.

ಕಲಬುರ್ಗಿ_ಟ್ಯಾಕ್ಸಿ
ಬೈಪಾಸ್ ಮಾತು ನನಗ ಗೊತ್ತಿರ್ಲಿಲ್ರಿ. ಆದ್ರೂ ಐದ ವರ್ಷದಾಗ ನನಗೇನೂ ಆಗಿಲ್ಲ, ಅದನ್ನೂ ನೀವ ಕೇಳ್ಬೇಕು. ಮೈಲೇಜ್ ಮಾತ್ರ ಒಂದ ಗಾಡಿ ಒಂದೂವರಿ ಕಿಲೋಮೀಟರ್ ಕಮ್ಮಿ ಕೊಡ್ತೈತಿ, ಅದು ಖರೇ.

ರೇಡಿಯೇಟರ್_ಶಿವಮೊಗ್ಗ
ಆ ಒಂದೂವರೆ ಕಿಲೋಮೀಟರಿಗೆ ವರ್ಷಕ್ಕೆ ಎಷ್ಟು ಡೀಸೆಲ್ ಆಯ್ತು ನೀವೇ ಲೆಕ್ಕ ಹಾಕಿ ಅಣ್ಣಾ, ಟ್ಯಾಕ್ಸಿ ಓಡ್ಸೋರು ನೀವು.

ವಿನ್ನಿಪೆಗ್_ಕನ್ನಡಿಗ
ಕೆನಡಾದಿಂದ ನಮಸ್ಕಾರ, ಊರು ಸಾಗರ. ಇಲ್ಲಿ ಜನವರೀಲಿ ಮೈನಸ್ 30 ಹೋಗುತ್ತೆ, ಥರ್ಮೋಸ್ಟಾಟ್ ಕೆಟ್ರೆ ಗಾಡಿ ಮನೆ ಬಿಟ್ಟು ಹೊರಡೋದೇ ಇಲ್ಲ. ರಾತ್ರಿ ಇಂಜಿನ್ ಬ್ಲಾಕ್ ಹೀಟರ್‌ಗೆ ಮನೆ ಕರೆಂಟ್ ಪ್ಲಗ್ ಹಾಕಿ ಮಲಗ್ತೀವಿ. ಬೆಳಗ್ಗೆ ಗ್ಲಾಸ್ ಬುಡದ ಜಾಲರಿ ಮೇಲೆ ಕೂತಿರೋ ಹಿಮ ತೆಗೀಲಿಲ್ಲ ಅಂದ್ರೆ ಬ್ಲೋವರ್ ಅದನ್ನೇ ಎಳ್ಕೊಂಡು ಒಳಗೆಲ್ಲ ತೇವ. ಬೂಟಿಗೆ ಅಂಟಿದ ಹಿಮ ಕರಗಿ ನಿಮ್ಮ ಥರಾನೇ ಗ್ಲಾಸ್ ಮಬ್ಬು, ಇಲ್ಲೂ ಉಪಾಯ ಹೊರಗಿನ ಗಾಳಿ ಪ್ಲಸ್ ಹೀಟರ್.

ಕೂಲಂಟ್ ಬಗ್ಗೆ ಒಂದು ಮಾತು. ನಮ್ಮೂರಲ್ಲಿ ಹೆಪ್ಪುಗಟ್ಟಲ್ಲ, ಬರೀ ನೀರು ಸಾಕು ಅಂತಾರೆ. ಅರ್ಧಕ್ಕರ್ಧ ಮಿಕ್ಸ್ ಮಾಡಿದ ಕೂಲಂಟ್ ಮೈನಸ್ 37ರ ತನಕ ಹೆಪ್ಪುಗಟ್ಟಲ್ಲ ಅನ್ನೋದು ನಿಜ, ಅದು ಮಲೆನಾಡಿಗೆ ಬೇಕಾಗಿಲ್ಲ, ಆದ್ರೆ ಅದರಲ್ಲಿ ತುಕ್ಕು ತಡೆಯೋ ಕೆಮಿಕಲ್ ಇರುತ್ತೆ, ಕುದಿಯೋ ಬಿಂದುನೂ ಏರುತ್ತೆ. ಬೋರ್‌ವೆಲ್ ನೀರು ಹಾಕಿದ್ರೆ ಹಂಡೆ ತಳದಲ್ಲಿ ಬಿಳಿ ಗಾರು ಕಟ್ಟುತ್ತಲ್ಲ, ಅದೇ ಹೀಟರ್ ಕೋರಿನ ಸಣ್ಣ ನಳಿಕೆಯಲ್ಲೂ ಕಟ್ಟುತ್ತೆ.

ಹುಬ್ಳಿ_ಹೈದ
ವಿನ್ನಿಪೆಗ್ ಅಣ್ಣಾ, ಅಲ್ಲಿ ಜೋಳದ ರೊಟ್ಟಿ ಸಿಗ್ತಾವೇನ್ರಿ?

ವಿನ್ನಿಪೆಗ್_ಕನ್ನಡಿಗ
ಹಿಟ್ಟು ಸಿಗುತ್ತೆ, ತಟ್ಟೋಕೆ ಬರಲ್ಲ. ಕೊಟ್ಟಿಗೆಹಾರದ ನೀರುದೋಸೆ ಹೆಸರು ಕೇಳಿ ಇವತ್ತು ಮಲೆನಾಡು ತುಂಬಾ ನೆನಪಾಗ್ತಿದೆ.

ಕಡಲತೀರ_ಕಾರು
ನೀರುದೋಸೆ ಯಾರೂ ಹೇಳಲೇ ಇಲ್ಲ, ನೀವೇ ನೆನಪಿಸಿದ್ದು. ಘಾಟಿ ಹತ್ತಿ ಮೇಲೆ ಬಂದು ಬಿಸಿ ನೀರುದೋಸೆ ತಿನ್ನದೆ ಮುಂದೆ ಹೋಗುವವರು ಯಾರುಂಟು ಹೇಳಿ. ನಮ್ಮ ಕಡೆ ಇನ್ನೊಂದು ಸಮಸ್ಯೆ ಉಂಟು, ಅದನ್ನೂ ಹೇಳ್ತೇನೆ. ಮಂಗಳೂರಿನ ಸೆಕೆಯಲ್ಲಿ ಎ.ಸಿ. ಜೋರು ಇಟ್ಟು ಗಾಳಿ ಗ್ಲಾಸಿಗೆ ಬಿಟ್ರೆ ಗ್ಲಾಸಿನ ಹೊರಗಡೆ ಮಬ್ಬಾಗ್ತದೆ. ಒಳಗೆ ಎಷ್ಟು ಒರೆಸಿದ್ರೂ ಹೋಗುವುದಿಲ್ಲ. ಅದಕ್ಕೆ ವೈಪರ್ ಒಮ್ಮೆ ಹಾಕಿ, ಗಾಳಿಯನ್ನು ಗ್ಲಾಸಿನಿಂದ ತಿರುಗಿಸಿ. ಘಾಟಿ ಇಳಿದು ಉಜಿರೆ ತಲುಪುವಾಗ ಇದು ಆಗ್ತದೆ, ನಿಮ್ಮ ಅಮ್ಮನಿಗೂ ಹೇಳಿಡಿ.

ಸಕಲೇಶಪುರ_ಬೈಕರ್
ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟೀಲಿ ಮೂರ್ನಾಲ್ಕು ಗಂಟೆ ಸಿಕ್ಕಾಕ್ಕೊಂಡ್ರೆ ಹೀಟರ್ ಹಾಕ್ಕೊಂಡು ಕಿಟಕಿ ಮುಚ್ಚಿ ಮಲಗಬಹುದಾ? ಶಿರಾಡೀಲಿ ಒಂದ್ಸಲ ಹಂಗೇ ಮಾಡಿದ್ದೆ.

ಲೇಹ್‌ಲಿ_ಇದ್ದೆ
ಬೇಡ. ದಯವಿಟ್ಟು ಬೇಡ. ನಾನು ಕೊಡಗಿನವನು, ಸೈನ್ಯದಲ್ಲಿ 17 ವರ್ಷ ಇದ್ದೆ, ಲಡಾಖಿನಲ್ಲಿ ನಮಗೆ ಮೊದಲ ದಿನವೇ ಹೇಳ್ಕೊಡೋ ಪಾಠ ಇದು. ಇಂಜಿನ್ ಓಡ್ತಾ ನಿಂತಿರೋ ಗಾಡೀಲಿ ಕಿಟಕಿ ಮುಚ್ಚಿ ಮಲಗಬಾರದು. ಸೈಲೆನ್ಸರ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ವಾಸನೆ ಇಲ್ಲ, ಬಣ್ಣ ಇಲ್ಲ. ಸೈಲೆನ್ಸರ್ ಪೈಪಲ್ಲಿ ಸಣ್ಣ ಲೀಕ್ ಇದ್ರೆ, ಬಾಯಿ ಮಣ್ಣಲ್ಲೋ ಹಿಮದಲ್ಲೋ ಮುಚ್ಚಿದ್ರೆ, ಆ ಗಾಳಿ ಬ್ಲೋವರ್ ದಾರೀಲೇ ಒಳಗೆ ಬರಬಹುದು. ನಿದ್ದೆಯಲ್ಲೇ ಜೀವ ಹೋಗುತ್ತೆ, ಎಚ್ಚರ ಆಗೋದೇ ಇಲ್ಲ. ಇಂಜಿನ್ ಆಫ್ ಮಾಡಿ ಕಂಬಳಿ ಹೊದ್ಕೊಳ್ಳಿ. ತೀರಾ ಚಳಿ ಆದ್ರೆ ಎಚ್ಚರ ಇದ್ದಾಗ ಸ್ವಲ್ಪ ಹೊತ್ತು ಆನ್ ಮಾಡಿ, ಕಿಟಕಿ ಎರಡು ಬೆರಳು ತೆಗೆದು, ಮತ್ತೆ ಆಫ್ ಮಾಡಿ.

ಅಲ್ಲಿ ಡೀಸೆಲ್ಲೇ ಗಟ್ಟಿಯಾಗ್ತಿತ್ತು, ಟ್ಯಾಂಕ್ ಕೆಳಗೆ ಬೆಂಕಿ ಹಿಡಿದು ಕಾಯಿಸೋರನ್ನೂ ನೋಡಿದೀನಿ. 2019ರಲ್ಲಿ ಲಡಾಖಿಗೆ ಅಂತಲೇ ಮೈನಸ್ 33 ಡಿಗ್ರೀಲೂ ಹರಿಯೋ ಚಳಿಗಾಲದ ಡೀಸೆಲ್ ಇಂಡಿಯನ್ ಆಯಿಲ್‌ನವರು ತಂದ್ರು, ಅದು ಬಂದ್ಮೇಲೆ ಎಷ್ಟೋ ಸುಲಭ ಆಯ್ತು.

ಸಕಲೇಶಪುರ_ಬೈಕರ್
ಗೊತ್ತಿರ್ಲಿಲ್ಲ ಸರ್. ಮನೆಯವರಿಗೆಲ್ಲ ಹೇಳ್ತೀನಿ.

ಮೂಡಿಗೆರೆ_ಕಾಫಿತೋಟ
ಅಪ್‌ಡೇಟ್! ಮೇಲಿನ ಪೈಪ್ ಮೊದ್ಲಿಂದನೇ ಬೆಚ್ಚಗಾಗ್ತಾ ಬಂತು, ಅಣ್ಣ ಹೇಳಿದ ಹಂಗೇ. ಬೇರೆ ಮೆಕ್ಯಾನಿಕ್ ಹತ್ರ ಹೋಗಿ ಥರ್ಮೋಸ್ಟಾಟ್ ಹೌಸಿಂಗ್ ಬಿಚ್ಚಿಸ್ದೆ, ಒಳಗೆ ಖಾಲಿ. ವಾಲ್ವ್ ಕೂರೋ ಜಾಗದಲ್ಲಿ ತುಕ್ಕು ಬಿಟ್ರೆ ಏನಿಲ್ಲ. ನೀರೂ ಕೂಲಂಟ್ ಅಲ್ಲ, ಟೀ ಬಣ್ಣದ ನೀರು. ನೋಡಿ ಹೊಟ್ಟೆ ಉರೀತು, ಮೂರು ವರ್ಷ ಇದೇ ಗಾಡೀಲಿ ಅಮ್ಮನ್ನ ಕೂರಿಸ್ಕೊಂಡು ಘಾಟಿ ಇಳಿದಿದೀನಿ.

ಕ್ಯಾಬಿನ್ ಫಿಲ್ಟರ್ ನಾನೇ ತೆಗ್ದೆ. ಗ್ಲೌ ಬಾಕ್ಸ್ ಎರಡೂ ಬದಿ ಒಳಕ್ಕೆ ಒತ್ತಿದ್ರೆ ಕೆಳಗೆ ಇಳಿಯುತ್ತೆ, ಹಿಂದೆ ಉದ್ದ ಮುಚ್ಚಳ. ಫಿಲ್ಟರ್ ಕಪ್ಪಾಗಿ ಬೂಸ್ಟು ಹಿಡಿದಿತ್ತು, ಮೇಲೆ ಸಿಲ್ವರ್ ಓಕ್ ಎಲೆ ಒಂದು ಮುಷ್ಟಿ, ಇಲಿ ತಂದಿಟ್ಟ ಹತ್ತಿ, ಅಡಿಕೆ ಸಿಪ್ಪೆ. ತೋಟದಲ್ಲಿ ಸಿಲ್ವರ್ ಓಕ್ ಮರದ ಕೆಳಗೇ ಗಾಡಿ ನಿಲ್ಲಿಸೋದು ನಾವು. ಥರ್ಮೋಸ್ಟಾಟ್, ಗ್ಯಾಸ್ಕೆಟ್, ಕೂಲಂಟ್, ಲೇಬರ್ ಸೇರಿ 2,900 ಆಯ್ತು. ರೆಸಿಸ್ಟರ್ ಚಿಕ್ಕಮಗಳೂರಿಂದ ನಾಳೆ ಬರುತ್ತೆ, 650 ಅಂದ್ರು.

ಒಂದ್ ಡೌಟು, ಕೂಲಂಟ್ ತುಂಬಿದ್ಮೇಲೆ ಡ್ಯಾಶ್‌ಬೋರ್ಡ್ ಒಳಗಿಂದ ಗುಳುಗುಳು ಶಬ್ದ ಬರ್ತಿದೆ, ಹೀಟರ್ ಒಂದ್ಸಲ ಬಿಸಿ ಒಂದ್ಸಲ ತಣ್ಣಗೆ.

ರೇಡಿಯೇಟರ್_ಶಿವಮೊಗ್ಗ
ಅದು ಏರ್ ಲಾಕ್. ಹೀಟರ್ ಕೋರ್ ಎತ್ತರದಲ್ಲಿರುತ್ತೆ, ಗಾಳಿ ಅಲ್ಲೇ ಹೋಗಿ ಸಿಕ್ಕಾಕ್ಕೊಳ್ಳುತ್ತೆ. ಇಂಜಿನ್ ತಣ್ಣಗಿದ್ದಾಗ ಗಾಡಿ ಮೂತಿ ಮೇಲೆ ಬರೋ ಹಂಗೆ ಏರಲ್ಲಿ ನಿಲ್ಲಿಸಿ ಮುಚ್ಚಳ ತೆಗೆದು ಸ್ಟಾರ್ಟ್ ಮಾಡು, ಹೀಟರ್ ಫುಲ್ ಹಾಟ್, ಗುಳ್ಳೆ ಬರ್ತಾ ಇದ್ದಂಗೆ ಕೂಲಂಟ್ ಹಾಕ್ತಾ ಹೋಗು. ಗುಳ್ಳೆ ನಿಂತ ಕೂಡ್ಲೇ ಮುಚ್ಚಳ ಹಾಕ್ಬಿಡು, ಕಾಯೋ ತನಕ ಬಿಡ್ಬೇಡ. ನಿನ್ನ ಗಾಡೀಲಿ ಗಾಳಿ ಹೊರಗೆ ಬಿಡೋ ಬ್ಲೀಡ್ ಸ್ಕ್ರೂ ಇದ್ರೆ ಇನ್ನೂ ಸುಲಭ. ಮುಗಿದ್ಮೇಲೂ ಎರಡು ದಿನ ಬೆಳಗ್ಗೆ ಮಟ್ಟ ನೋಡು.

ಚೆಲ್ಲಿರೋ ಕೂಲಂಟ್ ತೊಳೆದುಬಿಡು. ಸಿಹಿ ಇರುತ್ತೆ ಅಂತ ನಾಯಿಗಳು ನೆಕ್ತವೆ, ಅದು ವಿಷ.

ವೈರಿಂಗ್_ಹಾಸನ
ಸಿಲ್ವರ್ ಓಕ್ ಎಲೆ ಅಂದ್ರಲ್ಲ, ವೈಪರ್ ಕೆಳಗಿನ ಜಾಲರಿ ಬಿಚ್ಚಿ ಅಲ್ಲೂ ಕ್ಲೀನ್ ಮಾಡಿ. ಅಲ್ಲಿ ಮಳೆ ನೀರು ಹೊರಗೆ ಹೋಗೋ ತೂತು ಕಟ್ಟಿದ್ರೆ ನೀರು ತುಂಬಿ ನೇರ ಬ್ಲೋವರ್ ಮೋಟರ್ ಒಳಗೆ ಇಳಿಯುತ್ತೆ. ಮಳೆಗಾಲದಲ್ಲಿ ಹಂಗೆ ಸತ್ತಿರೋ ಮೋಟರ್ ನಾನು ಲೆಕ್ಕ ಇಲ್ಲದಷ್ಟು ನೋಡಿದೀನಿ. ಇಲಿಗೆ ಅಂತ ನುಸಿ ಗುಳಿಗೆ ಅಲ್ಲಿ ಇಡ್ಬೇಡಿ, ಅದರ ಗಾಳಿನೇ ನೀವು ಕುಡಿಯೋದು.

ಬೆಂಗ್ಳೂರ್_ಇವಿ
ಸ್ವಲ್ಪ ಬೇರೆ ವಿಷ್ಯ, ಎಲೆಕ್ಟ್ರಿಕ್ ಕಾರಲ್ಲಿ ಇಂಜಿನ್ನೇ ಇಲ್ವಲ್ಲ, ಬಿಸಿ ಎಲ್ಲಿಂದ?

ವಿನ್ನಿಪೆಗ್_ಕನ್ನಡಿಗ
ಅದರಲ್ಲಿ ಮಾತ್ರ ನಿಜವಾಗ್ಲೂ ಕರೆಂಟ್ ಕಾಯಿಲ್ ಥರದ್ದೇ ಹೀಟರ್ ಇರುತ್ತೆ, ಇಲ್ಲಾಂದ್ರೆ ಹೊರಗಿನ ಗಾಳಿಯ ಬಿಸಿ ಎಳ್ಕೊಂಡು ಒಳಗೆ ಬಿಡೋ ಹೀಟ್ ಪಂಪ್. ಎರಡೂ ಬ್ಯಾಟರಿಯಿಂದಲೇ ತಿನ್ನೋದು, ಚಳೀಲಿ ರೇಂಜ್ ಕಮ್ಮಿ ಆಗೋಕೆ ಇದೂ ಒಂದು ಕಾರಣ. ಸೀಟ್ ಹೀಟರ್ ಇದ್ರೆ ಅದನ್ನ ಹಾಕಿ, ಅದು ತುಂಬಾ ಕಮ್ಮಿ ಎಳೆಯುತ್ತೆ.

ಗೃಹಿಣಿ_ತುಮಕೂರು
ನನ್ನ ಕಾರಲ್ಲಿ ಪಕ್ಕದ ಸೀಟ್ ಕೆಳಗೆ ಕಾರ್ಪೆಟ್ ಒದ್ದೆ ಆಗ್ತಿದೆ, ಇದೂ ಹೀಟರ್ ಪ್ರಾಬ್ಲಮ್ಮಾ?

ರೇಡಿಯೇಟರ್_ಶಿವಮೊಗ್ಗ
ಬಿಳಿ ಟಿಶ್ಯೂ ಪೇಪರ್ ಒತ್ತಿ ನೋಡಿ ಅಕ್ಕ. ಬರೀ ನೀರಾಗಿದ್ರೆ ಎಸಿ ನೀರು ಹೊರಗೆ ಹೋಗೋ ಪೈಪ್ ಕಟ್ಟಿದೆ, ಊದಿದ್ರೆ ಸರಿ ಹೋಗುತ್ತೆ. ಹಸಿರೋ ಕೆಂಪೋ ಬಣ್ಣ, ಬೆರಳಿಗೆ ಜಾರೋ ಹಂಗಿದ್ದು ಸಿಹಿ ವಾಸನೆ ಬಂದ್ರೆ ಹೀಟರ್ ಕೋರ್ ಲೀಕು. ಆಗ ಗ್ಲಾಸ್ ಒಳಗಡೆ ಎಣ್ಣೆ ಥರ ಪೊರೆನೂ ಕೂರುತ್ತೆ. ಎರಡು ಪೈಪ್ ಸೇರಿಸಿ ಬೈಪಾಸ್ ಮಾಡಿಕೊಡ್ತೀನಿ ಅಂತ ಯಾರಾದ್ರೂ ಅಂದ್ರೆ ಅದು ತಾತ್ಕಾಲಿಕ ಅಷ್ಟೇ, ಕೋರ್ ಹಾಕಿಸ್ಲೇಬೇಕು.

ಗೃಹಿಣಿ_ತುಮಕೂರು
ಬರೀ ನೀರು! ಥ್ಯಾಂಕ್ಸ್ ಅಣ್ಣ.

ಮೂಡಿಗೆರೆ_ಕಾಫಿತೋಟ
ಇವತ್ತು ಮಂಗಳೂರಿಗೆ ಹೋಗಿ ಬಂದ್ವಿ. ಗುಳುಗುಳು ನಿಂತಿದೆ. ಮನೆ ಬಿಟ್ಟು ಎಂಟೇ ನಿಮಿಷಕ್ಕೆ ಮುಳ್ಳು ಅರ್ಧಕ್ಕೆ ಬಂತು, ಘಾಟಿ ಇಳಿಯೋವಾಗ್ಲೂ ಅಲ್ಲಾಡ್ಲಿಲ್ಲ. ಜೋರು ಮಳೆ, ಮಂಜು, ಹೊರಗೆ ಹತ್ತಡಿ ಕಾಣ್ತಿರ್ಲಿಲ್ಲ, ಆದ್ರೆ ಗ್ಲಾಸ್ ಮಾತ್ರ ಒಣಗಿ ಶುಭ್ರ. ಬ್ಲೋವರ್ 2ರಲ್ಲೇ ಸಾಕಾಯ್ತು. ಅಣ್ಣಪ್ಪ ಸ್ವಾಮಿ ಗುಡಿ ಹತ್ರ ಕೈ ಮುಗಿಯೋಕೆ ನಿಲ್ಲಿಸಿದಾಗ ಅಮ್ಮ ಶಾಲು ತೆಗೆದು ಹಿಂದಿನ ಸೀಟಿಗೆ ಹಾಕಿದ್ರು, ಒರೆಸೋ ಬಟ್ಟೆ ಮಡಚಿ ಡೋರ್ ಪಾಕೆಟ್‌ನಲ್ಲಿಟ್ಟು "ಇದು ಇನ್ನು ಬೇಡ ಅಲ್ವೇನೋ" ಅಂದ್ರು. ಎಲ್ರಿಗೂ ಅಮ್ಮನ ಕಡೆಯಿಂದ ನಮಸ್ಕಾರ, ಮೂಡಿಗೆರೆ ಕಡೆ ಬಂದ್ರೆ ಮನೆಗೆ ಬಂದು ಕಾಫಿ ಕುಡ್ಕೊಂಡೇ ಹೋಗ್ಬೇಕು.

ವೈರಿಂಗ್_ಹಾಸನ
ತುಂಬಾ ಖುಷಿ ಆಯ್ತು ಸರ್. ಆ ಕನೆಕ್ಟರ್ ಪಿನ್ ಹೆಂಗಿತ್ತು?

ಮೂಡಿಗೆರೆ_ಕಾಫಿತೋಟ
ಕಂದು ಆಗಿತ್ತು ಅಣ್ಣ, ಒಂದ್ ಪಿನ್ ಪಕ್ಕ ಪ್ಲಾಸ್ಟಿಕ್ ಕರಗಿತ್ತು. 120 ರೂಪಾಯಿದು ಹೊಸದು ಹಾಕಿಸ್ದೆ.